ಹತ್ತನೆಯ ಮನೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಕೊಟ್ಟೂರಿನಲ್ಲಿದ್ದೆವು. ಕಾನೂನು ಕಾಲೇಜಿನ ಪ್ರೊಫೆಸರೊಬ್ಬರು ನಮ್ಮ ಮಹಡಿಯ ಕೋಣೆಗೆ ಬಂದು ಉಳಿದರು. ಸಂಸಾರದ ಜಗಳವನ್ನು ಜನ ಕೋರ್ಟಿಗೆ ಒಯ್ಯುತ್ತಾರೋ, ಇಲ್ಲವೆ ದೈವದ ಮುಂದೆ, ಅಂದರೆ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವ ಊರ ಹಿರಿಯರ ಮುಂದೆ, ಇಡುತ್ತಾರೋ ಎಂಬುದು ಅವರ ಸಂಶೋಧನೆ. ಹೆಂಗಸರನ್ನು ಕೇಳಲು ಹೆಂಗಸೇ ಬೇಕಿತ್ತು. ಕಾನ್ವೆಂಟಿನಲ್ಲಿ ಓದಿದ್ದ ನಾನೇ ಅವರ ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡ ಮಾಡಿಕೊಟ್ಟಿದ್ದೆ; ಜೊತೆಗೆ ಹೋಗಿ ಕೇಳುವ ಕೆಲಸವೂ ನನಗೇ ಬಂತು. ನಮ್ಮವರು, "ಹೋಗಿ ಬಾ, ಹೊತ್ತು ಮುಳುಗೋದ್ರಾಗ ಮನಿ ಸೇರು, ಅಷ್ಟ," ಎಂದರು.

ಯೋಜನೆ ಅಚ್ಚುಕಟ್ಟಾಗಿತ್ತು. ಊರಿನ ಅಂಚಿನಿಂದ ಎಣಿಸುತ್ತ ಪ್ರತಿ ಹತ್ತನೆಯ ಮನೆಗೆ ಹೋಗುವುದು. ಫಾರಮ್ಮಿನಲ್ಲಿ ಹೆಸರಿಲ್ಲ, ನಂಬರು ಮಾತ್ರ. ಎಣಿಕೆ ತಪ್ಪದಿರಲೆಂದು ಆಯ್ದ ಮನೆಯ ಬಾಗಿಲ ಚೌಕಟ್ಟಿಗೆ ಒಂದು ಕೆಮ್ಮಣ್ಣಿನ ಬೊಟ್ಟಿಡೋಣ ಎಂದವಳು ನಾನು. ಮಲೇರಿಯಾದವರು ಗೋಡೆಯ ಮೇಲೆ ಬರೆದು ಹೋಗುತ್ತಿದ್ದರಲ್ಲ, ಹಾಗೆ. ಪ್ರೊಫೆಸರು ಮೆಚ್ಚಿಕೊಂಡರು. ನನಗೆ ಒಳಗೊಳಗೇ ಹೆಮ್ಮೆ.

ಹೊಸಹಳ್ಳಿಯ ಆಚೆಗಿನ ಒಂದು ಊರಿನಲ್ಲಿ ಎಂಟು ಮನೆಗಳು ಬಂದವು. ಐದನೆಯದರಲ್ಲಿ, ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದ ಹುಡುಗಿ ಇದ್ದಳು. ದವಡೆಯ ಮೇಲೆ ಹೊಡೆತದ ಬಾವು ಹಳದಿಗೆ ತಿರುಗಿತ್ತು. ಎಡಗೈಯಲ್ಲಿ ಮಾತ್ರ ಬಳೆ. ಮೂರು ವರ್ಷದ ಮಗಳು ತೊಡೆಯ ಮೇಲೆ ಕೂತು ಮಂಡಕ್ಕಿಯನ್ನು ಒಂದೊಂದೇ ಆರಿಸಿ ತಿನ್ನುತ್ತಿದ್ದಳು. ಕೂಸನ್ನು ಹಿರೇಹಡಗಲಿಯ ಗಂಡನ ಮನೆಗೆ ಒಪ್ಪಿಸಬೇಕೆಂದು ದೈವ ಆಗಲೇ ಹೇಳಿಬಿಟ್ಟಿತ್ತು. ಸುಗ್ಗಿ ಮುಗಿಯುವವರೆಗೆ ಗಡುವು.

"ಕೋರ್ಟಿಗೆ ಹೋಗುವ ಯೋಚನೆ ಮಾಡಿದ್ದೀರಾ?" ಎಂದು ಫಾರಮ್ಮಿನಲ್ಲಿದ್ದಂತೆಯೇ ಕೇಳಿದೆ.

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಹೇಳಂಗಿಲ್ಲ ಹೌದಲ್ರಿ ಅಕ್ಕಾರ?"

"ಹೆಸರೇ ಬರೆಯುವುದಿಲ್ಲಮ್ಮ, ನೋಡು."

"ಕೂಡ್ಲಿಗಿ ವಕೀಲರ ಕಡಿಗೆ ಹೋಗಿ ಬಂದೀನ್ರಿ, ಸಂತಿ ನೆವ ಹೇಳಿ. ಕೂಸು ನನಗ ಬೇಕಂತ ಅರ್ಜಿ ಬರಿಸೀನಿ. ದೈವದವರಿಗೆ ಸುಳಿವು ಹತ್ತಿದ್ರ ಅವತ್ತೇ ಎಳಕೊಂಡು ಹೋಗ್ತಾರ್ರಿ."

ಬರೆದುಕೊಂಡೆ. ದವಡೆಯ ಬಾವನ್ನೂ ಬರೆದೆ. ಹೊರಡುವಾಗ ಕೂಸು ನನ್ನ ಅಂಗೈಗೆ ನಾಲ್ಕು ಮಂಡಕ್ಕಿ ಹಾಕಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಕಟ್ಟೆಯ ಬಳಿ ಕಾದಿದ್ದ ಪ್ರೊಫೆಸರು ಫಾರಮ್ಮುಗಳನ್ನು ತಿರುವಿ ನೋಡಿದರು. ಕಟ್ಟೆಯ ಹಿರಿಯರು ಚಹಾ ತರಿಸಿದರು. ಅವರನ್ನು ಸಂತೋಷಪಡಿಸಲೆಂದೋ ಏನೋ, ಪ್ರೊಫೆಸರು, "ನಿಮ್ಮೂರಿನ ಜನಕ್ಕೆ ನಿಮ್ಮ ಮೇಲೆ ಬಹಳ ನಂಬಿಕೆ. ಎಂಟು ಮನೆಯಲ್ಲಿ ಒಂದೇ ಒಂದು ಕೋರ್ಟಿನ ದಾರಿ ಹಿಡಿದಿದೆ," ಎಂದರು.

ಹಿರಿಯರಲ್ಲೊಬ್ಬರು ಮೀಸೆಯ ಮೇಲಿನ ಚಹಾ ಒರೆಸಿಕೊಂಡರು. "ಹೌದೇನ್ರಿ! ಎಂಟೂ ಬೊಟ್ಟು ನಾವೂ ನೋಡೀವ್ರಿ. ಬಾಗಲಿಗೆಲ್ಲಾ ಕುಂಕುಮ ಹಚ್ಚಿ ಮುತ್ತೈದಿ ಮಾಡೀರಲ್ರಿ ಅಕ್ಕಾರ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಎಂಟು ಮನೆಗಳಲ್ಲಿ ಗಂಡನನ್ನು ಬಿಟ್ಟು ಬಂದ ಹೆಣ್ಣುಮಗಳಿದ್ದದ್ದು ಒಂದರಲ್ಲೇ ಎಂಬುದು ಬಸ್ಸು ಅರ್ಧ ದಾರಿಗೆ ಬಂದಮೇಲೆ ನನಗೆ ಹೊಳೆಯಿತು. ಹಿರಿಯರಿಗೆ ಅಲ್ಲೇ ಹೊಳೆದಿತ್ತು.

ಆರನೆಯ ದಿನ ಅವಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಒಬ್ಬಳೇ. ನಾವು ಹೋಗಿಬಂದ ಮಾರನೆಯ ಬೆಳಗ್ಗೆಯೇ ಹಿರೇಹಡಗಲಿಯವರು ಬಂದಿದ್ದರು. ಹಿರಿಯರೇ ಮುಂದೆ ನಿಂತು ಕೂಸನ್ನು ಒಪ್ಪಿಸಿದ್ದರು. ನನ್ನನ್ನು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಆ ಕಾಗದ ಕೊಡ್ರಿ. ಬಾವು ಬರಕೊಂಡೀರಲ್ಲ. ವಕೀಲರು ಸಾಕ್ಷಿ ಕೇಳ್ಯಾರ."

ಪ್ರೊಫೆಸರು ಮೆಟ್ಟಿಲಿಳಿದು ಬಂದರು. "ಕೊಡೋ ಹಾಗಿಲ್ಲಮ್ಮ. ಗುಟ್ಟಾಗಿ ಇಡ್ತೀವಿ ಅಂತ ಎಲ್ಲರಿಗೂ ಮಾತು ಕೊಟ್ಟಿದ್ದೀವಿ. ಒಂದು ಕಾಗದ ಕೋರ್ಟಿಗೆ ಹೋದರೆ ನಾಳೆ ಯಾವ ಊರಲ್ಲೂ ಯಾರೂ ಬಾಯಿ ಬಿಡೋದಿಲ್ಲ."

"ಈಗ ಯಾರಿಗೆ ಗುಟ್ಟು ಮಾಡ್ತೀರ್ರಿ ಸಾಹೇಬ್ರ? ಊರಿಗೆಲ್ಲಾ ಗೊತ್ತೈತಿ. ಕೋರ್ಟಿಗೊಂದು ಗೊತ್ತಿಲ್ಲ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ನನ್ನ ಕಡೆ ತಿರುಗಿದಳು. "ಕಾಗದ ಹೋಗ್ಲಿ ಬಿಡ್ರಿ. ಕಣ್ಣಾರೆ ಕಂಡೀರಿ. ನೀವಾ ಬಂದು ಹೇಳ್ರಿ."

ಅದಕ್ಕೆ ಯೋಜನೆಯ ಯಾವ ಕಟ್ಟಳೆಯೂ ಅಡ್ಡ ಬರುತ್ತಿರಲಿಲ್ಲ. ನಾನು ಒಳಗೆ ಹೋಗಿ ನಮ್ಮವರನ್ನು ಕೇಳಿದೆ. ಅವರು ಪೇಪರಿನಿಂದ ಕಣ್ಣೆತ್ತದೆ, "ಕಟಕಟಿ ಹತ್ತೂದು ನಮ್ಮ ಮನಿ ಹೆಣ್ಮಕ್ಕಳ ಕೆಲಸಲ್ಲ," ಎಂದರು. ಎರಡನೆಯ ಸಲ ಕೇಳಬಹುದಿತ್ತು. ಕೇಳಲಿಲ್ಲ. ಹೊರಗೆ ಬಂದು, "ಊಟ ಮಾಡ್ಕೊಂಡು ಹೋಗಮ್ಮ," ಎಂದೆ. ಅವಳಿಗೆ ಅಷ್ಟರಲ್ಲೇ ಅರ್ಥವಾಯಿತು. ಚಪ್ಪಲಿ ಮೆಟ್ಟಿಕೊಂಡಳು.

ಮುಂದಿನ ಊರುಗಳಲ್ಲಿ ಬೊಟ್ಟಿಡಲಿಲ್ಲ. ಕಟ್ಟೆಯಲ್ಲಿ ಚಹಾ ಕುಡಿಯಲಿಲ್ಲ. ಹೆಂಗಸರು ಧಾರಾಳವಾಗಿ ಮಾತಾಡಿದರು. ಕೆಲಸ ಚೆನ್ನಾಗಿ ಆಯಿತೆಂದು ಪ್ರೊಫೆಸರು ಹೇಳಿದರು.

ಸಾಕ್ಷಿಯಿಲ್ಲದೆ ಅರ್ಜಿ ಬಿದ್ದುಹೋಯಿತೆಂದು ಮಳೆಗಾಲದಲ್ಲಿ ತಿಳಿಯಿತು. ಕೂಸು ಹಿರೇಹಡಗಲಿಯಲ್ಲೇ ಬೆಳೆಯಿತು.