ಕಳಿಸಿದ್ದೋ, ತಲುಪಿದ್ದೋ?

ವಿಡಿಯೊ ಗೇಮ್ ಕನ್ಸೋಲ್‌ಗಳ ಮಾರಾಟದ ಲೆಕ್ಕವೆಂದರೆ ತಯಾರಕರು ಸಾರಿದ ಅಂಕಿಯನ್ನೇ ಮತ್ತೊಮ್ಮೆ ಸಾರುವ ಕೆಲಸವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಕಾರ್ಖಾನೆಯಿಂದ ಹೊರಟದ್ದು ಬೇರೆ, ಕೊಂಡವರ ಮನೆ ಸೇರಿದ್ದು ಬೇರೆ ಎಂದು ಪಟ್ಟು ಹಿಡಿದವರು ನಮ್ಮ ಸಮೀಕ್ಷಾ ಸಂಸ್ಥೆಯ ಹಿರಿಯ ವಿಶ್ಲೇಷಕಿ, ಎಲ್ಲರ ಬಾಯಲ್ಲಿ ‘ದೊಡ್ಡಕ್ಕ’. ಈ ತಿಂಗಳು ನಿವೃತ್ತರಾಗುತ್ತಿರುವ ಅವರಿಗೆ ಕೂತಲ್ಲಿ ಕೂರುವ ಅಭ್ಯಾಸವೇ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಅಂಗಡಿಯಿಂದ ಅಂಗಡಿಗೆ ಅಲೆದು, ಮಾರಾಟವಾಗದ ಕನ್ಸೋಲ್ ಡಬ್ಬಗಳ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿ ನೋಡಿದ ಮೇಲೆಯೇ ಅವರಿಗೆ ಊಟ ರುಚಿಸುವುದು.

ಸೇವೆಯ ಆರಂಭದಲ್ಲಿ ಅಂಗಡಿಯವರಿಗೆ ಫೋನ್ ಮಾಡಿ, ಎಷ್ಟು ಮಾರಿದಿರೆಂದು ಕೇಳಿ ಬೈಸಿಕೊಳ್ಳುವ ಕೆಲಸ. ಮುಂದೆ, ಆಯ್ದ ಅಂಗಡಿಗಳ ಬಿಲ್ಲುಗಳಿಂದ ಇಡೀ ಮಾರುಕಟ್ಟೆಯನ್ನು ಅಂದಾಜು ಮಾಡುವ ವಿಧಾನವನ್ನು ತಿದ್ದಿ ತೀಡಿದವರೂ ಅವರೇ.

ಒಮ್ಮೆ ತಯಾರಕರೊಬ್ಬರು ತಮ್ಮ ಹೊಸ ಕನ್ಸೋಲ್ ಹತ್ತು ಲಕ್ಷ ಮಾರಾಟವಾಯಿತೆಂದು ಸಾರಿದರು. ಕೆಲಸ ಇನ್ನೂ ಕಾಯಂ ಆಗದ ಕಿರಿಯ ಸಹೋದ್ಯೋಗಿಯ ಲೆಕ್ಕ ಆರು ಲಕ್ಷಕ್ಕೇ ನಿಂತಿತು. ಮ್ಯಾನೇಜರ್ ಹೌಹಾರಿದರು.

“ಉಳಿದ ನಾಲ್ಕು ಲಕ್ಷ ಎಲ್ಲಿ ಹೋಯ್ತಮ್ಮಾ? ನಿನ್ನ ಕಂಪ್ಯೂಟರ್ ನುಂಗ್ತಾ? ತಪ್ಪಾಗಿದ್ರೆ ಕೆಲಸಕ್ಕೆ ಬರೋದೇ ಬೇಡ!”

ಅದೇ ಹೊತ್ತಿಗೆ ಅವಳ ಮನೆಯಿಂದ ಫೋನು. ಮಗಳಿಗೆ ಜ್ವರ ಏರಿತ್ತು.

“ನೀನು ಮೊದ್ಲು ಮನೆಗೆ ಹೋಗು ತಾಯಿ. ಲೆಕ್ಕಕ್ಕೆ ಜ್ವರ ಬಂದ್ರೆ ನಾನಿದ್ದೀನಿ,” ಎಂದ ದೊಡ್ಡಕ್ಕ, ಚಪ್ಪಲಿ ಮೆಟ್ಟಿ ಅಂಗಡಿಗಳತ್ತ ಹೊರಟರು.

ಒಂದು ಅಂಗಡಿಯ ಹಿಂಕೋಣೆಯಲ್ಲಿ ಡಬ್ಬಗಳು ಸೂರು ಮುಟ್ಟಿದ್ದವು. “ಇದರ ಮೇಲೇ ಕೂತು ಊಟ ಮಾಡ್ತಿದ್ದೀವಿ ಅಕ್ಕಾ,” ಎಂದ ಮಾಲೀಕ. ಉಳಿದ ಅಂಗಡಿಗಳ ಕಥೆಯೂ ಅದೇ.

“ಅವರು ಅಂಗಡಿಗೆ ಮಾರಿದ್ದಾರೆ ಸಾರ್. ಅಂಗಡಿಯವರು ಇನ್ನೂ ಮಾರಿಲ್ಲ, ಅಷ್ಟೆ,” ಎಂದು ಮ್ಯಾನೇಜರರಿಗೆ ತಿಳಿಸಿ, ಆರು ಲಕ್ಷದ ವರದಿಯ ಕೆಳಗೆ ತಮ್ಮೊಬ್ಬರ ಹೆಸರನ್ನೇ ಹಾಕಿದರು. ಮುನಿದ ತಯಾರಕರು ನಮ್ಮ ಸಂಸ್ಥೆಯ ಮುಖ ನೋಡುವುದನ್ನೇ ಬಿಟ್ಟಾಗ, ದೊಡ್ಡಕ್ಕ ಕಾಲು ಸುಟ್ಟ ಬೆಕ್ಕಿನಂತೆ ಮೊಗಸಾಲೆಯುದ್ದಕ್ಕೂ ಸುತ್ತಿದರೇ ಹೊರತು ಅಂಕಿಯನ್ನು ಅಲುಗಿಸಲಿಲ್ಲ. ಕೊನೆಗೆ ಅಂಗಡಿಗಳು ಬೆಲೆ ಇಳಿಸಿ ಡಬ್ಬ ಖಾಲಿ ಮಾಡತೊಡಗಿದವು. ತಯಾರಕರೇ ‘ಅಂಗಡಿಗಳಿಗೆ ರವಾನಿಸಿದ್ದು’ ಎಂದು ಮಾತು ತಿದ್ದಿಕೊಂಡರು. ಆಗ ದೊಡ್ಡಕ್ಕ ಮರುಮುದ್ರಣದ ವರದಿಯಲ್ಲಿ ತಮ್ಮ ಹೆಸರನ್ನು ತೆಗೆಸಿ ಕಿರಿಯಳ ಹೆಸರು ಹಾಕಿಸಿದರು. ಅವಳ ಕೆಲಸ ಕಾಯಂ ಆಯಿತು.

ಮೊನ್ನೆ ಬೀಳ್ಕೊಡುಗೆಯ ಚಹಾದ ನಡುವೆ, ಮತ್ತಾವುದೋ ಕನ್ಸೋಲ್ ಇಪ್ಪತ್ತು ಲಕ್ಷ ಮಾರಾಟವೆಂಬ ಸುದ್ದಿ ಬಂತು.

“ಕಳಿಸಿದ್ದೋ, ತಲುಪಿದ್ದೋ?” ಎಂದರು ದೊಡ್ಡಕ್ಕ.

“ನಾನು ನೋಡ್ತೀನಿ ಅಕ್ಕಾ, ನೀವು ಕೂತ್ಕೊಳ್ಳಿ,” ಎಂದಳು ಅಂದಿನ ಆ ಕಿರಿಯಳು. ದೊಡ್ಡಕ್ಕ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಆ ಕಾಲುಗಳಿಗೆ ದಣಿವು ತಿಳಿಯದಿರಲಿ, ಆ ಪ್ರಶ್ನೆಗೆ ಆಯುಷ್ಯ ಹೆಚ್ಚಲಿ. ಈ ಹಾರೈಕೆ ಬರಿದೇ ಕಳಿಸಿದ್ದಾಗದೆ, ಅವರ ಮನೆ ತಲುಪಲಿ.