ಸೊಂಟದ ಹೊಲಿಗೆ

ಟೈಲರಮ್ಮನಿಗೆ ಒಂದು ಜಂಬವಿತ್ತು: ತಾನು ಹೊಲಿದ ಬಟ್ಟೆ ಯಾರಿಗೂ ಎಲ್ಲೂ ಹಿಡಿಯಬಾರದು. ಗಿರಾಕಿ ತೋಳೆತ್ತಿ, ಕೂತು, ಎದ್ದು ತೋರಿಸಿದ ಮೇಲೆಯೇ ಬಟ್ಟೆ ಹೊಸಿಲು ದಾಟಬೇಕು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಮೆಷಿನು, ಎದುರಿನ ಕುರ್ಚಿಯಲ್ಲಿ ಗಂಡ. ಮೂವತ್ತು ವರ್ಷ ಬಸ್ಸು ಓಡಿಸಿ, ಹೃದಯ ಸೋತು ಮನೆಯಲ್ಲಿ ಕೂತವನು.

ಈ ವರ್ಷ ಅವನು ನಾಲ್ಕು ಸಲ ಆಸ್ಪತ್ರೆ ಸೇರಿದ್ದ. ಪ್ರತಿಸಲವೂ ಒಂದೇ ಪಾಡು. ಮೈಯಲ್ಲಿ ನೀರು ತುಂಬಿ ಉಸಿರಿಗೆ ಒದ್ದಾಡುವುದು, ವಾರವಿಡೀ ನೀರು ಇಳಿಸಿಕೊಂಡು ಮನೆಗೆ ಬರುವುದು, ತಿಂಗಳೆರಡು ತಿಂಗಳಲ್ಲಿ ಮತ್ತೆ ಅದೇ ವಾರ್ಡು. "ಪಾಸು ಮಾಡಿಸ್ಕೊಂಡಿದೀನಿ ಬಿಡಿ," ಎಂದು ಡ್ರೈವರ್ ಎಲ್ಲರನ್ನೂ ನಗಿಸುತ್ತಿದ್ದ. ನಾಲ್ಕನೆಯ ಸಲ ಡಾಕ್ಟರು ನಗಲಿಲ್ಲ. ಇನ್ನೊಮ್ಮೆ ಇಷ್ಟು ತಡವಾಗಿ ತಂದರೆ ಉಳಿಸುವುದು ಕಷ್ಟ ಎಂದುಬಿಟ್ಟರು.

ಅಂದಿನಿಂದ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಉಪ್ಪಿನ ಡಬ್ಬಿ ಅಟ್ಟ ಸೇರಿತು. ಒಂದು ಮಾತ್ರೆಯೂ ತಪ್ಪಲಿಲ್ಲ. ಆದರೂ ಇಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವನು ಗೋಡೆ ಹಿಡಿದು ಕುಸಿದ.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದೊಯ್ದ ವಾರ್ಡಿನವರು ಅವನ ಬಟ್ಟೆಗಳನ್ನು ಒಂದು ಚೀಲದಲ್ಲಿ ಹಾಕಿ ಅವಳ ಕೈಗೆ ಕೊಟ್ಟಿದ್ದರು. ಪದೇ ಪದೇ ಬರುವ ರೋಗಿಗಳ ವಿವರ ಬರೆದುಕೊಳ್ಳುವ ನರ್ಸು ಬಂದು ಪಕ್ಕದಲ್ಲಿ ಕೂತಳು.

"ಉಪ್ಪು?"

"ಚಿಟಿಕೆನೂ ಇಲ್ಲ."

"ಪ್ಯಾಂಟು ಸೊಂಟದ ಹತ್ರ ಬಿಗಿ ಆಗಿತ್ತಾ?"

"ನಾನು ಹೊಲಿದ ಬಟ್ಟೆ ಬಿಗಿಯಾಗತ್ತಾ? ಇಲ್ಲ ಸಿಸ್ಟರ್," ಹಿಂದಿನ ನಾಲ್ಕು ಸಲ ಹೇಳಿದ್ದನ್ನೇ ಹೇಳಿದಳು. "ಅದ್ಯಾಕೆ ಪ್ರತಿಸಲ ಅದನ್ನೇ ಕೇಳ್ತೀರಿ?"

"ನಿಮ್ಮನೇಲಿ ತೂಕದ ಮೆಷಿನ್ ಇಲ್ವಲ್ಲಮ್ಮ. ಹೊಟ್ಟೇಲಿ ನೀರು ತುಂಬ್ತಿದ್ರೆ ಬಟ್ಟೆನೇ ಮೊದಲು ಹೇಳತ್ತೆ. ಎರಡು ದಿನ ಮುಂಚೆ ಬಂದಿದ್ರೆ ಮಾತ್ರೆ ಜಾಸ್ತಿ ಮಾಡಿ ಮನೆಗೇ ಕಳಿಸಬಹುದಿತ್ತು."

ಟೈಲರಮ್ಮ ತೊಡೆಯ ಮೇಲಿನ ಚೀಲದತ್ತ ನೋಡಿದಳು.

ಗಂಡ ಕೂತಲ್ಲೇ ಸೊಂಟದ ಹುಕ್ಕು ಬಿಚ್ಚಿಕೊಂಡನೆಂದರೆ ಸಾಕು, ಅವನು ಸ್ನಾನಕ್ಕೆ ಹೋದಾಗ ಹಿಂಬದಿಯ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಬಿಡುತ್ತಿದ್ದಳು. ಆಸ್ಪತ್ರೆಯಿಂದ ಸೊರಗಿ ಬಂದಾಗ ಮತ್ತೆ ಹಿಡಿದು ಹೊಲಿಯುತ್ತಿದ್ದಳು. ಉಪ್ಪಿಲ್ಲದ ಊಟದಲ್ಲೂ ಮೈ ತುಂಬಿಕೊಳ್ಳುತ್ತಿದ್ದಾನೆಂದು ಅವಳಿಗೆ ಎಷ್ಟು ಖುಷಿ! ಅವನಾದರೂ ಮೊನ್ನೆಯಷ್ಟೇ ಅಂದಿದ್ದ: "ಲೇ, ನಿನ್ನ ಕೈಗುಣ ನೋಡು, ಎಷ್ಟು ತಿಂದ್ರೂ ಪ್ಯಾಂಟು ಹಿಡಿಯೋದೇ ಇಲ್ಲ." ಇಂಥವಳ ಮೇಲೆ ತಪ್ಪು ಹೊರಿಸಲು ಯಾರಿಗೆ ಮನಸ್ಸು ಬಂದೀತು? ಹೊರಿಸುವವರು ಬೇಕಿರಲಿಲ್ಲ, ಅವಳೇ ಸಾಕಿತ್ತು.

ಚೀಲದಿಂದ ಪ್ಯಾಂಟು ತೆಗೆದು ಸೊಂಟದ ಒಳಮೈ ಹೊರಕ್ಕೆ ತಿರುಗಿಸಿದಳು. ಬಿಚ್ಚಿ ಹೊಲಿದ ಸೂಜಿಯ ತೂತುಗಳು ಸಾಲುಸಾಲಾಗಿದ್ದವು. ಈ ಸಲ ಒಳಗೆ ಬಿಡಲು ಬಟ್ಟೆಯೇ ಉಳಿದಿರಲಿಲ್ಲ.

ನರ್ಸು ಆಗಲೇ ಹಾಳೆ ಮಗುಚಿದ್ದಳು.

"ಸಿಸ್ಟರ್, ಆ ಪ್ರಶ್ನೆ ಇನ್ನೊಂದ್ಸಲ ಕೇಳಿ."

"ಯಾವುದಮ್ಮ?"

"ಬಿಗಿ ಆಗಿತ್ತು. ಐದು ಸಲನೂ ಆಗಿತ್ತು. ಅವರಿಗೆ ಗೊತ್ತಾಗೋಕೆ ನಾನು ಬಿಡಲಿಲ್ಲ."

ನರ್ಸು ಬರೆಯಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದು ಡಾಕ್ಟರು ಬಂದರು. ಮೊದಲು ನರ್ಸಿನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಟೈಲರಮ್ಮ ಪ್ಯಾಂಟನ್ನು ಅವರ ಮುಂದೆ ಹಿಡಿದಳು.

"ಇಲ್ಲೇ ಇತ್ತು ಡಾಕ್ಟ್ರೇ," ಎಂದಳು, "ನನ್ನ ಕೈಯಲ್ಲೇ ಇತ್ತು."