ಗೂಢಚಾರಿ ಧಾರಾವಾಹಿ ಮತ್ತು ನನ್ನ ನಾಲಿಗೆ

ಟಿವಿಯಲ್ಲಿ ಗೂಢಚಾರಿಗಳ ಹೊಸ ಧಾರಾವಾಹಿ ಶುರುವಾದ ಮೇಲೆ, ಹೊಸದುರ್ಗದ ನಮ್ಮ ಚಹಾ ಅಂಗಡಿಯ ಬೆಂಚಿನಲ್ಲಿ ಬೆಳಗಾದರೆ ಅದರದೇ ವಿಮರ್ಶೆ. ಹತ್ತಿ ಹಾಸಿಗೆ ಹೊಲಿಯುವ ನನ್ನ ಮುಸಲ್ಮಾನ ಗೆಳೆಯನೂ ನಾನೂ ಒಂದು ಚಹಾವನ್ನು ಹಂಚಿಕೊಂಡು ಕೂರುತ್ತಿದ್ದೆವು.

"ಹೀರೋ ಬರೀ ಓಡ್ತಾನೆ, ತಲೆ ಇಲ್ಲ" ಎಂದ ಒಬ್ಬ.

"ಓಡದಿದ್ರೆ ನಿನ್ನಂಗೆ ಹೊಟ್ಟೆ ಬರ್ತೈತಲ್ಲೋ" ಎಂದ ಗೆಳೆಯ. ಎಲ್ಲರೂ ನಕ್ಕರು.

ಹಿಂದಿನ ಕಂತಿನಲ್ಲಿ ಸಿಕ್ಕಿಬಿದ್ದ ಶತ್ರುವಿನ ಬೇಹುಗಾರ, ಬಟ್ಟೆಯೊಳಗೆ ಗುಟ್ಟಿನ ಕಾಗದ ಇಟ್ಟು ಹೊಲಿಯುವ ಒಬ್ಬ ಗಡ್ಡದ ದರ್ಜಿ. ನಗಿಸುವ ಚಟ ನನಗೆ ಈ ವಯಸ್ಸಿನಲ್ಲೂ ಹೋಗಿಲ್ಲ. ಗೆಳೆಯನ ಗಡ್ಡ ತೋರಿಸಿ, "ಇವನ ಹಾಸಿಗೆನೂ ಒಂದ್ಸಲ ಬಿಚ್ಚಿ ನೋಡ್ರಪ್ಪ, ಒಳಗೇನೈತೋ!" ಎಂದೆ. ಇನ್ನೂ ಜೋರಾಗಿ ನಕ್ಕರು. ಅವನೂ ನಕ್ಕು, ಚಹಾ ಬಿಟ್ಟು ಎದ್ದುಹೋದ.

ಆಮೇಲೆ ಅವನು ಬೆಂಚಿಗೆ ಬರಲೇ ಇಲ್ಲ. ಕೆಲವು ದಿನ ಕಾದು ಅವನ ಅಂಗಡಿಗೇ ಹೋಗಿ, "ತಪ್ಪಾತು ಮಾರಾಯ" ಎಂದೆ.

ಸೂಜಿಯಿಂದ ಕಣ್ಣೆತ್ತದೆ ಹೇಳಿದ: "ನಿಂದು ತಮಾಷೆ, ಬಿಡು. ನಿನ್ನೆ ನಮ್ಮ ಬೆಂಚಿನೋನೇ ಒಬ್ಬ ಮಗಳ ಮದ್ವೆ ಹಾಸಿಗೆ ಒಯ್ಯಕ್ಕೆ ಬಂದಿದ್ದ. ಬಿಚ್ಚಿ ತೋರ್ಸು ಅಂದ. ಅವನು ನಗ್ಲಿಲ್ಲ."

"ನೀನೇನಂದೆ?"

"ಬಿಚ್ಚಿ ತೋರ್ಸಿದೆ."

ಅವನು "ಕುಂತ್ಕ" ಎನ್ನಲಿಲ್ಲ. ಹೊಲಿಯುತ್ತಲೇ ಇದ್ದ. ನಾನು ಬಾಗಿಲಿಂದಲೇ ಹಿಂದಿರುಗಿ ಮನೆಗೆ ಬಂದೆ.